ಅತ್ತಿಯವರ ಪದ ಯಾವ ಡಬ್ಬಿಯಾಗ ಇಡೂದು?

ನಮ್ಮನಿ ಅಟ್ಟದ ಮ್ಯಾಲ ಒಂದು ಹಳೇ ವಿಡಿಯೊ ಕ್ಯಾಸೆಟ್ ಇತ್ತರಿ. 1994ರಾಗ ನಮ್ಮ ಮೈದುನನ ಮದುವಿಯಾಗ ತಗಿಸಿದ್ದು. ಅದರಾಗ ನಮ್ಮ ಅತ್ತಿಯವರು ಸುರಗಿ ಸುತ್ತೂ ಮುಂದ ಕುಂತು ಸೋಬಾನ ಪದ ಹಾಡ್ಯಾರ. ಅವರು ತೀರಿಕೊಂಡು ಎಂಟು ವರ್ಷಾತು. ಅವರ ದನಿ ಉಳಿದದ್ದು ಎರಡ ಕಡೆ. ಒಂದು ಈ ಕ್ಯಾಸೆಟ್ಟು, ಇನ್ನೊಂದು ನಾ ಫೋನಿನ್ಯಾಗ ಹಿಡಿದಿಟ್ಟ ನಾಲ್ಕು ಬೀಸೂ ಪದ.

ದೀಪಾವಳಿ ಮುಂದ ನಮ್ಮ ಮನೆಯವರು ಆ ಕ್ಯಾಸೆಟ್ ಒಯ್ದು ಕಂಪ್ಯೂಟರ್ ಫೈಲ್ ಮಾಡಿಸಿದ್ರು. 3 ತಾಸಿನ ವಿಡಿಯೊ, 6 ಜಿಬಿಗಿಂತ ಜಾಸ್ತಿ. ಅಂಗಡಿ ಹುಡುಗ ಮನಿಗೆ ಬಂದು ನಮ್ಮ ಕಂಪ್ಯೂಟರಿನ್ಯಾಗ ಹಾಕಿ ಹೋದ. ಕಂಪ್ಯೂಟರ್ ಯಾವಾಗ ಕೈ ಕೊಡ್ತೈತೋ ಏನೋ, ಹೊರಗಿನ ಹಾರ್ಡ್ ಡಿಸ್ಕಿನ್ಯಾಗೂ ಒಂದು ಇಡೂಣು ಅಂತ ನಾ ಅಂದೆ. 500 ಜಿಬಿ ಡಿಸ್ಕು, ಅರ್ಧಕ್ಕರ್ಧ ಖಾಲಿ. ಆದ್ರ ಫೈಲು ಒಳಗ ಹೋಗವಲ್ದು! ಈ ಫೈಲು ಭಾಳ ದೊಡ್ಡದು ಅನ್ನೂ ಅರ್ಥದ್ದು ಏನೋ ಇಂಗ್ಲಿಷಿನ್ಯಾಗ ಬಂತು. ಕಣಜದಾಗ ಜಾಗ ಇದ್ದೂ ಚೀಲ ಹೋಗವಲ್ದು ಅಂದ್ರ ಬಾಗಲಾ ಸಣ್ಣದು ಅಂತ ತಿಳ್ಕೋಬೇಕಲ್ರಿ.

"ಫಾರ್ಮ್ಯಾಟ್ ಮಾಡಿದ್ರ ಆತು, ಎಲ್ಲಾರೂ ಹಂಗ ಮಾಡ್ತಾರ" ಅಂತ ಇವರು ಆಗಲೇ ಮೌಸ್ ಆ ಗುಂಡಿ ಮ್ಯಾಲ ಇಟ್ಟಿದ್ರು. ನಾ ಪಿಯುಸಿ ತನಕ ಕಲಿತಾಕಿ, ಕಂಪ್ಯೂಟರ್ ಅಷ್ಟಕ್ಕಷ್ಟ. ಆದ್ರ ಅಲ್ಲಿ ಬರದಿದ್ದು ಓದಾಕ ಬಂತು: ಇದರಾಗಿದ್ದದ್ದೆಲ್ಲಾ ಅಳಿಸಿ ಹೋಗ್ತೈತಿ.

"ಏನ್ರೀ, ತಡೀರಿ! ಬೀಸೂ ಪದ ಇದರಾಗ ಅದಾವ. ಆ ಫೋನು ಕೆಟ್ಟು ಐದು ವರ್ಷಾತು, ಬ್ಯಾರೆ ಎಲ್ಲೂ ಇಲ್ಲ!"

ಇವರು ಕೈ ಹಿಂದ ತಗೊಂಡ್ರು. ಇಬ್ಬರೂ ಹೊತ್ತು ಮಾತಾಡಲಿಲ್ಲ. ಚಾ ಮಾಡಿಕೊಂಡು ಬಂದು ಪುಣೆದಾಗಿನ ಮಗಳಿಗೆ ಫೋನ್ ಹಚ್ಚಿದೆ.

ಮಗಳು ಹೇಳಿದ್ದನ್ನ ನಾ ನನ್ನ ಮಾತಿನ್ಯಾಗ ಹೇಳ್ತೀನಿ. ಡಿಸ್ಕಂದ್ರ ಒಂದು ಉಗ್ರಾಣ. ಯಾವ ಸಾಮಾನು ಯಾವ ಮೂಲ್ಯಾಗ ಐತಿ ಅಂತ ಬರದಿಡೂ ಲೆಕ್ಕದ ಪದ್ಧತಿಗೆ ಫೈಲ್ ಸಿಸ್ಟಮ್ ಅಂತಾರ. ನಮ್ಮ ಡಿಸ್ಕಿನ್ಯಾಗ ಇದ್ದದ್ದು ಫ್ಯಾಟ್32, 1996ರ ಹೊತ್ತಿಗೆ ಬಂದ ಪದ್ಧತಿ. ಅದರಾಗ ಒಂದು ಫೈಲಿನ ಅಳತಿ ಬರ್ಯಾಕ 32 ಮನಿ ಅಷ್ಟ, ಬ್ಯಾಂಕಿನ ಚಲನ್‌ದಾಗ ರೊಕ್ಕ ಬರಿಯೂ ಮನಿ ಇರ್ತಾವಲ್ಲ ಹಂಗ. ಮನಿ ತುಂಬಿದ ಮ್ಯಾಲ ಅದಕ್ಕ ದೊಡ್ಡ ಅಂಕಿ ಬರ್ಯಾಕ ಬರೂದಿಲ್ಲ. ಹಿಂಗಾಗಿ ಡಿಸ್ಕು ಎಷ್ಟ ದೊಡ್ಡದಿರಲಿ, 4 ಜಿಬಿ ತುಂಬಿದ ಒಂದು ಫೈಲನ್ನ ಅದು ತಗೊಳ್ಳೂದಿಲ್ಲ. ಇವರು ಬ್ಯಾಂಕಿನ್ಯಾಗ ಕೆಲಸ ಮಾಡಿದವರು, ಈ ಮಾತು ಲಗೂನ ತಲಿಗೆ ಹೋತು.

ಎರಡನೇದು ಎನ್‌ಟಿಎಫ್‌ಎಸ್. 1993ರಾಗ ಬಂದದ್ದು, ನಮ್ಮ ಕ್ಯಾಸೆಟ್ಟಿಗಿಂತ ಒಂದು ವರ್ಷ ದೊಡ್ಡದು! ನಮ್ಮ ವಿಂಡೋಸ್ ಕಂಪ್ಯೂಟರಿನ ಒಳಗ ಇದ್ದದ್ದೂ ಇದ, ಅದಕ್ಕ ಅಲ್ಲಿ ವಿಡಿಯೊ ಕುಂತಿತ್ತು. ಇದರ ದೊಡ್ಡ ಗುಣ ಅಂದ್ರ ಕಿರಾಣಿ ಅಂಗಡಿಯವರ ಕಚ್ಚಾ ವಹಿ ಇದ್ದಂಗ ಒಂದು ವಹಿ ಇಟ್ಟಿರ್ತೈತಿ. ಏನು ಬದಲ ಮಾಡೂದೈತಿ ಅಂತ ಮೊದಲ ಅದರಾಗ ಬರ್ಕೊಂತೈತಿ, ಆಮ್ಯಾಲ ಪಕ್ಕಾ ವಹಿಗೆ ಏರಸ್ತೈತಿ. ನಡಕ ಕರೆಂಟ್ ಹೋದ್ರೂ ಕಚ್ಚಾ ವಹಿ ನೋಡಿ ಲೆಕ್ಕ ಸರಿ ಮಾಡ್ಕೊಂತೈತಿ. ಬರಿಯೂ ಮುಂದ ಇದ್ದ ಫೈಲು ಉಳದ ಉಳೀತೈತಿ ಅಂತಲ್ಲ, ಇಡೀ ಉಗ್ರಾಣದ ಲೆಕ್ಕ ಕೆಡೂದು ಕಡಿಮಿ. ನಮ್ಮೂರಾಗ ಕರೆಂಟಿನ ಹಣೇಬಾರ ಗೊತ್ತಲ್ಲ.

"ಹಂಗಾದ್ರ ಇದ ಛಲೋ, ಮಾಡಿಬಿಡೂಣು" ಅಂದೆ.

"ಅವ್ವಾ, ನಂದು ಮ್ಯಾಕ್ ಐತಿ. ಎನ್‌ಟಿಎಫ್‌ಎಸ್ ಡಿಸ್ಕ್ ಹಚ್ಚಿದ್ರ ಓದ್ತೈತಿ, ಆದ್ರ ಬರ್ಯಾಕ ಬಿಡೂದಿಲ್ಲ. ಕೂಸಿನ ಫೋಟೊ ಹಾಕಿ ಕಳಸು ಅಂತೀಯಲ್ಲ, ಹೆಂಗ ಹಾಕ್ಲಿ?" ಅಂದ್ಳು.

ಮೂರನೇದು ಎಕ್ಸ್‌ಫ್ಯಾಟ್, 2006ರಾಗ ಬಂದದ್ದು. ವಿಂಡೋಸು, ಮ್ಯಾಕು ಎರಡರಾಗೂ ಓದಾಕೂ ಬರ್ತೈತಿ, ಬರ್ಯಾಕೂ ಬರ್ತೈತಿ. 4 ಜಿಬಿ ಕಾಟಾನೂ ಇಲ್ಲ. ಆದ್ರ ಕಚ್ಚಾ ವಹಿ ಇಲ್ಲ. ಬರಿಯೂ ಮುಂದ ವೈರ್ ಕಿತ್ತಿದ್ರ ಲೆಕ್ಕ ಕೆಡೂ ಭಯ ಹೆಚ್ಚು. ತಗಿಯೂ ಮೊದಲ ಇಜೆಕ್ಟ್ ಕೊಡಲೇಬೇಕು.

ಅವತ್ತ ನನಗ ತಿಳದದ್ದು ಇಷ್ಟ. ಯಾವುದು ಎಲ್ಲಾಕ್ಕಿಂತ ಛಲೋ ಅಂತ ಕೇಳೂದ ತಪ್ಪು. ಉಪ್ಪಿನಕಾಯಿ ಭರಣ್ಯಾಗ ಇಡ್ತೀವಿ, ಊರಿಗೆ ಒಯ್ಯಾಕ ಸ್ಟೀಲಿನ ಡಬ್ಬಿಗೆ ಹಾಕ್ತೀವಿ. ಮನಿಯಾಗ ಇರೂದೋ ಊರಿಗೆ ಹೋಗೂದೋ, ಯಾರು ತಗದು ನೋಡವರು, ಅದನ್ನ ಮೊದಲ ಕೇಳ್ಕೋಬೇಕು.

ನಾವು ಹಿಂಗ ಮಾಡಿದ್ವಿ. ಮೊದಲ ಡಿಸ್ಕಿನ್ಯಾಗಿದ್ದದ್ದೆಲ್ಲಾ ಕಂಪ್ಯೂಟರಿಗೆ ಇಳಿಸಿದ್ವಿ. ನಾಲ್ಕೂ ಬೀಸೂ ಪದ ಕಡೀತನಕ ಹಚ್ಚಿ ಕೇಳಿದ ಮ್ಯಾಲನ ಮುಂದಿನ ಕೆಲಸ. ಫ್ಯಾಟ್32 ಇದ್ದದ್ದನ್ನ ಅಳಿಸದ ಎನ್‌ಟಿಎಫ್‌ಎಸ್ ಮಾಡಾಕ ವಿಂಡೋಸಿನ್ಯಾಗ ಕನ್ವರ್ಟ್ ಅನ್ನೂ ಒಂದು ಆಜ್ಞಾ ಐತಂತ. ಮಗಳು ಫೋನಿನ್ಯಾಗ ಒಂದೊಂದ ಅಕ್ಷರ ಹೇಳಿದ್ಳು, ಇವರು ಬಡದ್ರು. ತಿರುಗಿ ಫ್ಯಾಟ್ ಮಾಡಬೇಕಂದ್ರ ಮಾತ್ರ ಫಾರ್ಮ್ಯಾಟ್ ಒಂದ ದಾರಿ. ನಮಗ ತಿರುಗೂ ಕೆಲಸ ಇಲ್ಲ, ಆ ಡಿಸ್ಕು ಮನೀದು. ಪುಣೆಗೆ ಹೋಗಿ ಬರಾಕ ಒಂದು ಹೊಸ 128 ಜಿಬಿ ಪೆನ್ ಡ್ರೈವ್ ತಂದು ಎಕ್ಸ್‌ಫ್ಯಾಟ್ ಮಾಡಿದ್ವಿ. ಹೊಸಾದು, ಒಳಗ ಏನೂ ಇರಲಿಲ್ಲ, ಹೆದರಿಕಿ ಇಲ್ಲದ ಗುಂಡಿ ಒತ್ತಿದೆ. ಹೌದ್ರಿ, ನಾನ ಒತ್ತಿದೆ.

ಅಳಿಯಂದಿರು ಬಂದಾಗ ಶೇಂಗಾ ಹೋಳಿಗಿ ಜೋಡಿ ಅದನ್ನೂ ಕೊಟ್ಟು ಕಳಿಸಿದೆ. ಎರಡ ದಿನಕ್ಕ ಮಗಳ ಫೋನ್ ಬಂತು. ಹಿಂದ ಅತ್ತಿಯವರ ದನಿ ಕೇಳಸ್ತಿತ್ತು.

"ಅವ್ವಾ, ಮೂರನೇ ನುಡಿ ತಿಳಿವಲ್ದು. ಏನಂತ ಹಾಡ್ಯಾರ ಅಮ್ಮ? ಬರದು ಕಳಸು."

ನನಗೂ ಪೂರಾ ತಿಳೀಲಿಲ್ಲ. ನಾಳೆ ಮಧ್ಯಾಹ್ನ ಪಟ್ಟಿಯೊಂದು ತಗೊಂಡು ಕಂಪ್ಯೂಟರಿನ ಮುಂದ ಕುಂದ್ರಾಕಿ ನಾನು. ಓಣಿಯಾಗ ಅತ್ತಿಯವರ ಸರೀಕರು ಇನ್ನೂ ಒಬ್ಬರು ಅದಾರ, ಅವರನ್ನೂ ಕರದೀನಿ.