ಅಂಗೈಗೆ ಬಂದ ಸುದ್ದಿ

ಜರ್ಮನಿಯ ಪೋರ್ಶೆ 911 ಕಾರು 1963ರಲ್ಲಿ ಮೊದಲು ಕಾಣಿಸಿಕೊಂಡಂದಿನಿಂದಲೂ ಎಂಜಿನನ್ನು ಬೆನ್ನಿನಲ್ಲಿಯೇ ಹೊತ್ತುಬಂದಿದೆ. ಸ್ಟುಟ್‌ಗಾರ್ಟಿನಲ್ಲಿದ್ದಾಗ ಅದರ ಮೂರು ತಲೆಮಾರುಗಳನ್ನು ಓಡಿಸುವ ಭಾಗ್ಯ ನನಗೆ ದೊರೆಯಿತು. ಗಾಳಿಯಿಂದಲೇ ತಣಿಯುವ ಹಳೆಯ ಕಾರಿನಲ್ಲಿ ರಸ್ತೆಯ ಒಂದೊಂದು ಹರಳೂ ಸ್ಟೀರಿಂಗ್ ಚಕ್ರದ ಮೂಲಕ ಅಂಗೈಗೆ ಸುದ್ದಿ ಮುಟ್ಟಿಸುತ್ತಿದ್ದಿತು. ಆದರೆ ಒಂದು ಮಳೆಯ ದಿನ, ತಿರುವಿನ ನಡುವೆ ಬೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದೆನು. ಭಾರವಾದ ಹಿಂಭಾಗವು ಹೊರಕ್ಕೆ ಬೀಸಿ, ಕಾರು ತಾನು ಬಂದ ದಾರಿಯನ್ನೇ ನೋಡುತ್ತ ನಿಂತಿತು. ಪಕ್ಕದಲ್ಲಿ ಮಗನಿದ್ದನು. ತಪ್ಪು ನನ್ನದೇ.

1997ರ ತಲೆಮಾರಿನಲ್ಲಿ ಎಂಜಿನನ್ನು ತಣಿಸಲು ನೀರು ಬಂದಿತು, ಸದ್ದು ಸೌಮ್ಯವಾಯಿತು. (ಅದನ್ನು ನಾನಿನ್ನೂ ಮನ್ನಿಸಿಲ್ಲ.) 2011ರದರಲ್ಲಿ ಚಕ್ರವನ್ನು ತಿರುಗಿಸಲು ವಿದ್ಯುತ್ತೇ ನೆರವಾಗುವುದು, ಅಂಗೈಗೆ ಬರುವ ಸುದ್ದಿ ನನಗಂತೂ ಅರ್ಧಕ್ಕಿಳಿದಂತೆ ತೋರಿತು. ಆದರೂ ಅದೇ ತಿರುವನ್ನು, ಅಂಥದೇ ಮಳೆಯಲ್ಲಿ, ಅದು ಏನೂ ಅಲ್ಲವೆಂಬಂತೆ ದಾಟಿಹೋಯಿತು.

ಈಗ ಮಗನು ಕೇಳುತ್ತಿರುವುದು ಹಳೆಯದನ್ನೇ. ಅದರ ಬೀಗದಕೈ ಇನ್ನೂ ನನ್ನ ಜೇಬಿನಲ್ಲಿದೆ.