ಇಲ್ಲದವನಿಗೊಂದು ಗೋಡೆ

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಕೊಲ್ಲಿಯಲ್ಲಿ ಒಂದು ಕಾಲಕ್ಕೆ ಕಲ್ಲಿದ್ದಲು ಹಡಗುಗಳದೇ ಸಂತೆ. ಈಗ ಅಲ್ಲಿ ಹೋಟೆಲು, ಅಂಗಡಿಗಳ ಸಾಲು. ಹೆಸರು ಮರ್ಮೇಡ್ ಕೀ. ಅದರ ಕೆಳಗೆ, ನೀರಿನಂಚಿನ ಮರದ ಹಾದಿಯಲ್ಲಿ ನಡೆದರೆ ವರ್ಷಗಳ ಕಾಲ ಗೋಡೆಯೊಂದರ ತುಂಬ ಪತ್ರ, ಫೋಟೊ, ಹೂಗುಚ್ಛ ಕಾಣುತ್ತಿದ್ದವು. ಪಾಪ, ಯಾರೋ ಮುಳುಗಿ ಸತ್ತಿರಬೇಕು ಎನಿಸುತ್ತಿತ್ತು. ಸತ್ತವನು ಯಾಂಟೊ ಜೋನ್ಸ್. ಅವನು ಹುಟ್ಟಿಯೇ ಇರಲಿಲ್ಲ!

1963ರಲ್ಲಿ ಆರಂಭವಾದ ಬಿ.ಬಿ.ಸಿ.ಯ ‘ಡಾಕ್ಟರ್ ಹೂ’ ಧಾರಾವಾಹಿಯ (ಅದರ ಮೊದಲ ನಿರ್ದೇಶಕ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಖನೌದಲ್ಲಿ) ಒಂದು ಕವಲು ‘ಟಾರ್ಚ್‌ವುಡ್’. ಅದರ ರಹಸ್ಯ ಪಡೆಯ ನೆಲಮಾಳಿಗೆಗೆ ದಾರಿಯೆಂದು ತೋರಿಸಿದ ಬಾಗಿಲು ಇಲ್ಲಿಯೇ ಇದೆ. ಪಡೆಗೆ ಕಾಫಿ ಮಾಡಿಕೊಡುತ್ತಿದ್ದ, ಸದಾ ಸೂಟು ತೊಟ್ಟ ಹುಡುಗನೇ ಯಾಂಟೊ.

2009ರ ಜುಲೈನಲ್ಲಿ ಸತತ ಐದು ರಾತ್ರಿ ಅದರ ವಿಶೇಷ ಕಂತುಗಳು ಬಂದವು. ಅನ್ಯಲೋಕದವರು ಭೂಮಿಯ ಮಕ್ಕಳಲ್ಲಿ ಶೇ. 10ರಷ್ಟನ್ನು ಕೇಳುತ್ತಾರೆ. ಯಾರ ಮಕ್ಕಳನ್ನು ಕೊಡುವುದು? ಮಂತ್ರಿಗಳು ಶಾಲೆಗಳ ಫಲಿತಾಂಶದ ಪಟ್ಟಿ ತೆಗೆದು, ತಳದಲ್ಲಿರುವ ಶಾಲೆಗಳಿಗೆ ಗುರುತು ಹಾಕುತ್ತಾರೆ. ‘ನಮ್ಮ ಶಾಲೆ ಎಷ್ಟನೆಯದು?’ ಎಂದು ವರ್ಷವರ್ಷವೂ ಕೇಳುವ ತಂದೆತಾಯಂದಿರಿಗೆ ಆ ದೃಶ್ಯ ನೋಡುವುದು ಕಷ್ಟ. ಒಂದು ಮಗುವನ್ನೂ ಕೊಡೆವೆಂದು ಎದುರು ನಿಂತ ಯಾಂಟೊ ನಾಲ್ಕನೆಯ ರಾತ್ರಿ ಸಾಯುತ್ತಾನೆ.

ಅಭಿಮಾನಿಗಳು ಕೆರಳಿದರು. ಅವನನ್ನು ಬದುಕಿಸಿ ಎಂದು ಬಿ.ಬಿ.ಸಿ.ಗೆ ಕಾಫಿ ಪೊಟ್ಟಣ ಕಳಿಸಿದರು. ಅವನ ಹೆಸರಿನಲ್ಲಿ ಮಕ್ಕಳ ನಿಧಿಗೆ ಹಣವನ್ನೂ ಕೂಡಿಸಿದರು. ಟಿ.ವಿ. ಕಥೆಗಾರರು ಜಗ್ಗಲಿಲ್ಲ. ಅವರು ಮಾಡಿದ್ದೇ ಸರಿ ಎಂದು ನನಗನಿಸುತ್ತದೆ. ಮಾರನೆಯ ವಾರ ಎದ್ದು ಬಂದಿದ್ದರೆ ಅವನು ‘ಕೊಡೆವು’ ಎಂದದ್ದಕ್ಕೆ ಬೆಲೆ ಎಲ್ಲಿ?

ಕಟ್ಟೆಯ ಆಡಳಿತದವರು ಪತ್ರಗಳನ್ನು ಕಿತ್ತೆಸೆಯುವ ಬದಲು ಅವನ ನೆನಪಿಗೆ ಫಲಕವನ್ನೇ ಹಾಕಿಸಿದರು. ಮಳೆಗೆ ಹಳೆಯ ಕಾಗದಗಳ ಅಕ್ಷರ ಕದಡಿದರೂ ವರ್ಷಗಳ ಕಾಲ ಹೊಸವು ಬರುತ್ತಲೇ ಇದ್ದವು.