ಓಕೆ ಅಂದವರು ಯಾರು?

2024ರ ಫೆಬ್ರವರಿ. ಅಂಗಡಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, 28ನೇ ತಾರೀಖು ಕೊನೆ ಅಂತ ಬಿಬಿಎಂಪಿ ಹೇಳಿತ್ತು. ಪೀಣ್ಯದ ಹತ್ತಿರ ಫ್ಲೆಕ್ಸ್ ಪ್ರಿಂಟಿಂಗ್ ಇಟ್ಟುಕೊಂಡಿರೋ ನಮ್ಮೂರ ಗೆಳೆಯನಿಗೆ ಊಟಕ್ಕೂ ಪುರುಸೊತ್ತಿಲ್ಲ. "ಲೋ, ಬಟ್ಟೆ ಅಂಗಡಿಯೋರು, ಒಂಬತ್ತು ಬ್ರ್ಯಾಂಚು. ಶನಿವಾರ ಭಾನುವಾರ ನೀನೇ ನೋಡ್ಕೊ" ಅಂದ. ಆಫೀಸಿನಲ್ಲಿ ದೊಡ್ಡ ದೊಡ್ಡ ಪ್ರಾಜೆಕ್ಟು ಸಂಭಾಳಿಸೋನಿಗೆ ಒಂಬತ್ತು ಬೋರ್ಡು ಯಾವ ಲೆಕ್ಕ?

ಶೀಟು ಮಾಡಿದೆ. ಅಳತೆ, ಡಿಸೈನು, ಪ್ರೂಫು, ಪ್ರಿಂಟು, ಫ್ರೇಮು, ಫಿಟ್ಟಿಂಗು, ಎಲ್ಲದಕ್ಕೂ ಒಂದೊಂದು ಕಾಲಮ್ಮು. ನನ್ನ ಭಯವೆಲ್ಲ ಅಳತೆ ಮೇಲೇ ಇತ್ತು. ಇಪ್ಪತ್ತಡಿ ಉದ್ದ, ನಾಲ್ಕಡಿ ಎತ್ತರ. ಎರಡು ಸಲ ಟೇಪ್ ಹಿಡಿಸಿದೆ. ಪ್ರೂಫನ್ನು ವಾಟ್ಸಾಪಿನಲ್ಲಿ ಮುಂಬೈ ಹೆಡ್ಡಾಫೀಸಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಹೆಬ್ಬೆರಳು ಬಂತು. ಕಾಲಮ್ಮಿಗೆ ಹಸಿರು ಬಣ್ಣ ತುಂಬಿದೆ.

ಮೊದಲ ಬೋರ್ಡು ಏರಿಸುವಾಗ ಏಣಿ ಮೇಲಿಂದಲೇ ಫಿಟ್ಟರ್ ಹುಡುಗ ಫೋನ್ ಮಾಡಿದ. "ಅಣ್ಣಾ, ವಸ್ತ್ರ ಅನ್ನೋದು ಒಡೆದೋಗಿದೆ, ಒತ್ತೇ ಇಲ್ಲ."

ವಸ್‌ತ್‌ರ. ಅವರಲ್ಲಿ ಯಾವಾಗಲೂ ಹಳೇ ನುಡಿ ಫಾಂಟಿನಲ್ಲೇ ಟೈಪ್ ಮಾಡ್ತಾರೆ, ಅದರಲ್ಲಿ ಈ ತೊಂದರೆ ಇಲ್ಲ. ಬುದ್ಧಿವಂತ ನಾನು ಯೂನಿಕೋಡಿನಲ್ಲಿ ಬರೆದು ಕೊಟ್ಟಿದ್ದೆ. ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಯ ಸೆಟ್ಟಿಂಗ್ ಆನ್ ಇಲ್ಲದಿದ್ದರೆ ಒತ್ತು ಕೆಳಗೆ ಕೂರಲ್ಲ, ಪಕ್ಕದಲ್ಲೇ ನಿಲ್ಲುತ್ತೆ. ಕರ್ವ್ಸ್ ಮಾಡಿದ ಮೇಲಂತೂ ಅದು ಅಕ್ಷರವೇ ಅಲ್ಲ, ಬರೀ ಚಿತ್ರ. ಡಿಸೈನರ್‌ಗೂ ಮುಂಬೈಯವರಿಗೂ ಮೊದಲಿಂದಲೂ ಅದು ಚಿತ್ರವೇ, ಅವರಿಗೆ ಕನ್ನಡ ಬರಲ್ಲ. ಓದಕ್ಕೆ ಬರ್ತಿದ್ದವನು ನಾನೊಬ್ಬನೇ. ನಾನು ನೋಡಿದ್ದು ಹೆಬ್ಬೆರಳನ್ನ.

ಒಂಬತ್ತೂ ಪ್ರಿಂಟ್ ಆಗಿಬಿಟ್ಟಿತ್ತು, 720 ಚದರಡಿ. ಫ್ರೇಮು ಉಳೀತು, ಫ್ಲೆಕ್ಸ್ ಹೋಯ್ತು. "ನೀವೇ ಓಕೆ ಅಂದಿದ್ರಲ್ಲ" ಅಂತ ಹೆಡ್ಡಾಫೀಸಿನವರ ಜೊತೆ ಜಗಳಕ್ಕೆ ನಿಂತೆ. ಗೆಳೆಯ ಫೋನ್ ಕಿತ್ತುಕೊಂಡು, ಇನ್ನೊಂದ್ಸಲ ಪ್ರಿಂಟ್ ಮಾಡೋದು ನಮ್ಮ ಖರ್ಚು ಅಂದ. ದುಡ್ಡು ನಾನು ಕೊಡ್ತೀನಿ ಅಂದೆ. "ನಿನ್ನ ಹತ್ರ ಇಸ್ಕೊಂಡ್ರೆ, ನಾಳೆ ಹುಡುಗ್ರು ತಪ್ಪು ಮಾಡಿದಾಗ ಅವರ ಹತ್ರನೂ ಇಸ್ಕೋಬೇಕಾಗುತ್ತೆ" ಅಂದು ಮಷಿನ್ ಕಡೆ ಹೋದ. ನನ್ನ ಮುಖ ನೋಡಲಿಲ್ಲ.

ಈಗ ಶೀಟಿನಲ್ಲಿ 'ಓದಿದ್ದು ಯಾರು?' ಅಂತ ಇನ್ನೊಂದು ಕಾಲಮ್ಮಿದೆ. ಹೆಚ್ಚಾಗಿ ಅಲ್ಲಿರೋದು ಆ ಫಿಟ್ಟರ್ ಹುಡುಗನ ಹೆಸರು.

ಯುಗಾದಿಗೆ ಊರಿಗೆ ಹೋದರೆ ನಮ್ಮ ಹುಲ್ಲಿನ ಬಣವೆ ಮೇಲೆ ಅದೇ ಫ್ಲೆಕ್ಸು. ಗೆಳೆಯ ಕೊಟ್ಟು ಕಳಿಸಿದ್ದನಂತೆ. ಅಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ಓದಕ್ಕೆ ನೋಡ್ತಿದ್ರು. "ಇದೇನ್ಲಾ ಬರೆದಿರೋದು?"